ಎರಡು ರಾಟೆಯ ಬಾವಿ

ಆ ಊರಿನ ಬಾವಿಯನ್ನು ಮೊದಲ ಸಲ ನೋಡಿದಾಗ ಅದರಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಏನೂ ಸಿಗಲಿಲ್ಲ. ನೀರು ತಿಳಿಯಾಗಿತ್ತು, ವಾಸನೆಯಿರಲಿಲ್ಲ, ನಾಲಗೆಗೆ ಸಿಹಿಯಾಗಿತ್ತು. ಸೊಂಟದ ಮಟ್ಟಕ್ಕೆ ಕಲ್ಲಿನ ಕಟ್ಟೆ, ಸುತ್ತ ಗಾರೆ ಹಾಕಿದ ನೆಲ, ಚೆಲ್ಲಿದ ನೀರು ದೂರ ಹರಿದು ಹೋಗುವುದಕ್ಕೆ ಚರಂಡಿ, ಮೇಲೆ ಅಡ್ಡತೊಲೆಗೆ ತೂಗುಹಾಕಿದ ಎರಡು ಕಬ್ಬಿಣದ ರಾಟೆ. ಒಳ್ಳೆಯ ಬಾವಿ ಹೇಗಿರಬೇಕು ಎಂದು ನಮಗೆ ಪಾಠ ಹೇಳುವಾಗ ಹಲಗೆಯ ಮೇಲೆ ಬರೆಯುತ್ತಿದ್ದ ಚಿತ್ರವೇ ಎದ್ದು ಬಂದು ಊರ ನಡುವೆ ನಿಂತಂತಿತ್ತು. ಹಾಗಿದ್ದೂ ಮಂಡ್ಯದ ಲ್ಯಾಬೊರೇಟರಿಯಲ್ಲಿ ಆ ನೀರು ಮತ್ತೆ ಮತ್ತೆ ಫೇಲಾಗುತ್ತಿತ್ತು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಮಳವಳ್ಳಿಯಿಂದ ಬೆಳಕವಾಡಿಗೆ ಹೋಗುವ ಬಸ್ಸಿನಲ್ಲಿ ನಡುದಾರಿಯಲ್ಲಿಳಿದು, ಗದ್ದೆಯ ಬದುವಿನ ಮೇಲೆ ಒಂದಿಷ್ಟು ನಡೆದರೆ ಸಿಗುವ ಊರು ಅದು. ನಾನು ಮಂಡ್ಯದಲ್ಲಿ ಆರೋಗ್ಯ ಇನ್ಸ್‌ಪೆಕ್ಟರಾಗಿದ್ದೆ. ಹಿಂದಿನ ಬೇಸಿಗೆಯಲ್ಲಿ ಆ ಊರಿನ ಮಕ್ಕಳಿಗೆ ವಾಂತಿಭೇದಿ ಹತ್ತಿಕೊಂಡು ಕೆಲವು ಕೂಸುಗಳು ಹೋಗಿದ್ದವು. ಕಾಲರಾ ಅಲ್ಲ ಎಂದು ನಮ್ಮ ಡಾಕ್ಟರು ಹೇಳಿದ್ದರು. ಮತ್ತೇನು ಎಂದು ಅವರಿಗೂ ಗೊತ್ತಾಗಿರಲಿಲ್ಲ. ಈ ಸಲ ಬೇಸಿಗೆ ಬರುವ ಮೊದಲೇ ನೀರು ಪರೀಕ್ಷೆ ಮಾಡಿಬಿಡೋಣ ಎಂದು ನನ್ನನ್ನು ಕಳಿಸಿದ್ದರು.

ನೀರು ತೆಗೆಯುವುದಕ್ಕೂ ಒಂದು ಮಡಿ ಇದೆ. ಸೀಸೆಯನ್ನೂ ಅದಕ್ಕೆ ಕಟ್ಟುವ ದಾರವನ್ನೂ ಹಬೆಯಲ್ಲಿ ಬೇಯಿಸಿ, ಕಾಗದ ಸುತ್ತಿ ಕೊಡುತ್ತಾರೆ. ಬಾವಿಕಟ್ಟೆಯ ಹತ್ತಿರ ಹೋಗುವ ತನಕ ಬಿಚ್ಚಬಾರದು. ಬಿಚ್ಚಿದ ಮೇಲೆ ಬಿರಡೆಯ ಒಳಬದಿಗೆ ಕೈ ತಾಕಬಾರದು, ಸೀಸೆ ಬಾವಿಯ ಗೋಡೆಗೆ ತಾಕಬಾರದು, ಮೇಲೆ ತೇಲುವ ಕಸ ಬಾಯಿಗೆ ಬರದಂತೆ ಒಂದೇ ಸಲಕ್ಕೆ ಒಳಕ್ಕೆ ಮುಳುಗಿಸಬೇಕು. ತುಂಬಿದ ಸೀಸೆಗೆ ಒದ್ದೆ ಗೋಣಿತಟ್ಟು ಸುತ್ತಿ, ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿಟ್ಟು, ಬಸ್ಸು ಹತ್ತಿ ಅದೇ ದಿನ ಮಂಡ್ಯ ಮುಟ್ಟಿಸಬೇಕು. ಪೆಟ್ರೋಲು ಸಿಗದ ಆ ಕಾಲದಲ್ಲಿ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿರುತ್ತಿದ್ದರು. ಒಲೆ ಹೊತ್ತು ಓಡುವ ಬಸ್ಸಿನಲ್ಲಿ ನೀರನ್ನು ತಣ್ಣಗಿಡುವ ಪಾಡು ನನಗೇ ಗೊತ್ತು.

ಲ್ಯಾಬೊರೇಟರಿಯಲ್ಲಿ ಹಾಲಿನ ಸಕ್ಕರೆ ಬೆರೆಸಿದ ತಿಳಿಸಾರಿನ ಕೊಳವೆಗಳಿಗೆ ಆ ನೀರನ್ನು ಹಾಕಿ, ನಮ್ಮ ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ನೀರಿಗೆ ಕರುಳಿನ ಹೊಲಸು ಸೇರಿದ್ದರೆ ಸಾರು ಹುಳಿತು, ಅದರೊಳಗೆ ತಲೆಕೆಳಗಾಗಿ ಇಟ್ಟ ಪುಟ್ಟ ಕೊಳವೆಯಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಹೊಲಸು ದನದ್ದೋ ಮನುಷ್ಯರದ್ದೋ ಎಂದು ಅದು ಹೇಳುವುದಿಲ್ಲ. ಇದೆ ಅಥವಾ ಇಲ್ಲ, ಅಷ್ಟೇ. ನಮ್ಮ ಬಾವಿಯ ಕೊಳವೆಗಳಲ್ಲಿ ಪ್ರತಿ ಸಲವೂ ಗಾಳಿ ಇತ್ತು.

ಊರಿನಲ್ಲಿ ನನಗೆ ಹಗಲಿನ ಊಟ, ನೆರಳು ಎರಡೂ ಪಟೇಲರ ಮನೆಯಲ್ಲಿ. ಒಂದು ದಿನ ಅವರ ಜಗಲಿಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದಾಗ ಪಟೇಲರ ಹೆಂಡತಿ ಬಾಗಿಲ ಹತ್ತಿರ ಬಂದು ನಿಂತರು. ಸೊಂಟದ ಮೇಲೆ ಇನ್ನೂ ನಡೆಯಲು ಬಾರದ ಹೆಣ್ಣುಕೂಸು. ಹಿಂದಿನ ಬೇಸಿಗೆಯಲ್ಲಿ ಹೋದ ಮಕ್ಕಳಲ್ಲಿ ಒಂದು ಇವರದೇ ಎಂದು ನನಗೆ ಗೊತ್ತಿತ್ತು. ಆಗತಾನೆ ಮಾತು ಕಲಿಯುತ್ತಿದ್ದ ಗಂಡುಮಗು.

"ಸ್ವಾಮಿ, ಈ ನೀರ ಇವ್ಳ್ಗೆ ಕುಡುಸ್ಲಾ ಬ್ಯಾಡ್ವಾ? ಅದೊಂದ ಯೋಳ್ಬುಡಿ."

"ಕುದಿಸಿ ಆರಿಸಿ ಕುಡಿಸಿ," ಎಂದೆ.

"ನಾನೇನೋ ಕುದುಸ್ತೀನಿ. ಮನೆ ತುಂಬ ಜನ ಅವ್ರೆ. ಯಾರ್ ಕೈಲಿ ಲೋಟ ಕಂಡ್ರೂ ಇದು ಬಾಯೊಡ್ತದೆ. ಎಲ್ಲಾರ್ನೂ ಇಡ್ಕಂಡು ಕೂತ್ಕಳಾಕಾಯ್ತದಾ? ಒಂದ್ ಮಗೀನ ಕಳ್ಕಂಡ್ಮೇಲೆ ನಂಗೆ ಲೋಟ ಕಂಡ್ರೇ ಭಯ ಆಯ್ತದೆ. ಈ ಬಾವಿ ಒಳ್ಳೇದೋ ಕೆಟ್ಟದ್ದೋ ನೀವೇ ಯೋಳ್ಬೇಕು."

ತಿಳಿದುಕೊಂಡು ಹೇಳುತ್ತೇನೆ ಎಂದುಬಿಟ್ಟೆ. ಮಾತು ಕೊಟ್ಟ ಮೇಲೆ ಆ ಬಾವಿ ನನ್ನನ್ನು ಬಿಡಲಿಲ್ಲ. ಮಂಡ್ಯದಲ್ಲಿ ಊಟಕ್ಕೆ ಕೂತಾಗಲೂ ಲೋಟದ ನೀರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ನಾನು ಮೊದಲಿನಿಂದಲೂ ಹಾಗೇ, ಒಂದು ವಿಷಯ ತಲೆಗೆ ಹೊಕ್ಕರೆ ಬೇರು ಕಾಣುವ ತನಕ ಕೆದಕುತ್ತಲೇ ಇರುವವನು.

ಮೊದಲು ಅನುಮಾನ ಬಿದ್ದದ್ದು ತಿಪ್ಪೆಯ ಮೇಲೆ. ಬಾವಿಗಿಂತ ಎತ್ತರದ ಜಾಗದಲ್ಲಿ ಪಟೇಲರ ದೊಡ್ಡ ತಿಪ್ಪೆಗುಂಡಿ ಇತ್ತು. ಅದರ ರಸ ನೆಲದೊಳಗೆ ಇಳಿದು ಬಾವಿಗೆ ಜಿನುಗುತ್ತಿದ್ದರೆ? ಅದನ್ನು ಪತ್ತೆ ಮಾಡುವ ಉಪಾಯ ಸುಲಭ. ಗುಂಡಿಗೆ ಉಪ್ಪುನೀರು ಸುರಿಯುವುದು, ಬಾವಿಯ ನೀರಿನಲ್ಲಿ ಉಪ್ಪು ಏರುತ್ತದೆಯೋ ಎಂದು ದಿನವೂ ಔಷಧಿಯ ಹನಿ ಹಾಕಿ ನೋಡುವುದು. ನಾನು ಪಂಚೆ ಎತ್ತಿಕಟ್ಟಿ ತಿಪ್ಪೆಗೆ ಉಪ್ಪು ಕಲಸುತ್ತಿದ್ದರೆ ಊರಿನ ಗಂಡಸರು ಹೊಲಕ್ಕೆ ಹೋಗುವುದನ್ನು ಬಿಟ್ಟು ನೋಡುತ್ತ ನಿಂತರು.

"ಏನ್ ಸ್ವಾಮಿ, ತಿಪ್ಪೇಗೆ ಉಪ್ಪಾಕ್ತಾ ಇದ್ದೀರಿ, ಉಪ್ಪಿನ್ಕಾಯ್ಗಾ?" ಎಂದ ಒಬ್ಬ.

"ಲೇ, ಸುಮ್ಕಿರ್ಲಾ, ಮಾವಿನ್ಕಾಯಿ ನಿನ್ನೇ ಕೇಳ್ಬುಟ್ಟಾರು," ಎಂದ ಇನ್ನೊಬ್ಬ.

ನಾನೂ ನಕ್ಕೆ. ಆದರೆ ವಾರ ಕಳೆದರೂ ಬಾವಿಯ ನೀರಿನಲ್ಲಿ ಉಪ್ಪು ಒಂದಿಷ್ಟೂ ಏರಲಿಲ್ಲ. ತಿಪ್ಪೆ ನಿರಪರಾಧಿ.

ಆಮೇಲೆ ಬ್ಲೀಚಿಂಗ್ ಪೌಡರ್. ಬಕೆಟ್ಟಿನಲ್ಲಿ ಕದಡಿ, ಗಸಿ ಕೆಳಗಿಳಿದ ಮೇಲೆ ತಿಳಿಯನ್ನು ಬಾವಿಗೆ ಸುರಿದು, ಕೊಡದಿಂದ ಮೇಲೆ ಕೆಳಗೆ ಕಲಕಿಸಿದೆ. ಘಾಟು ಮೂಗಿಗೆ ಹೊಡೆಯಿತು. ಪಟೇಲರ ತಾಯಿ ಅಲ್ಲೇ ಕಟ್ಟೆಯ ಮೇಲೆ ಕೈಯೂರಿ ನಿಂತಿದ್ದರು. ಎತ್ತರದ ಆಳು, ಬಿಳಿ ಸೀರೆ, ಊರಿನ ಹೆಂಗಸರು ಅವರ ಮಾತನ್ನು ಮೀರುತ್ತಿರಲಿಲ್ಲ.

"ಒಳ್ಳೇ ಗಂಗವ್ವನ್ನ ಸೀಸೇಲಿ ಇಡ್ಕಂಡೋಗಿ ಕೆಟ್ಟೋಳು ಅಂತೀರಿ. ಈಗ ಸುಣ್ಣಾನೂ ಕುಡುಸ್ತಾ ಇದ್ದೀರಿ. ಆಗ್ಲಿ ಕಣಪ್ಪ, ಮಾಡು. ಮಕ್ಳು ಬದುಕುದ್ರೆ ಸಾಕು."

ಸಂಜೆಯ ಹೊತ್ತಿಗೆ ಘಾಟು ಇಳಿದ ಮೇಲೆ ತೆಗೆದ ನೀರನ್ನು ಕೊನೆಯ ಬಸ್ಸಿನಲ್ಲಿ ಮಂಡ್ಯಕ್ಕೆ ಒಯ್ದೆ. ಅದು ಪಾಸಾಯಿತು. ಕುಣಿಯುವಷ್ಟು ಸಂತೋಷವಾಯಿತು. ಆದರೆ ಅದರ ಮಾರನೆಯ ದಿನ ಬೆಳಗಿನ ಬಸ್ಸಿಗೆ ಬಂದು, ಬಿಸಿಲೇರಿದ ಮೇಲೆ ತೆಗೆದಿದ್ದ ನೀರಿನಲ್ಲಿ ಮತ್ತೆ ಗಾಳಿ. ಇನ್ನೊಮ್ಮೆ ಹಾಕಿ ನೋಡಿದೆ, ಅದೇ ಕಥೆ.

ಡಾಕ್ಟರಿಗೆ ಬೇಸರ ಬಂದಿತ್ತು. "ಬೇಸಿಗೆಗೆ ಮೊದಲು ಕಾರಣ ಸಿಗಲಿಲ್ಲ ಅಂದರೆ ಬಾವಿ ಮುಚ್ಚಿಸಿಬಿಡೋಣ. ಗೊತ್ತಿದ್ದೂ ಜನಕ್ಕೆ ಕುಡಿಸೋಕಾಗಲ್ಲ," ಎಂದರು. ಸುದ್ದಿ ಪಟೇಲರಿಗೂ ಮುಟ್ಟಿತು. ಅವರು ನನ್ನ ಎದುರು ಬಂದು ಕೂತರು.

"ಬಾವಿ ಮುಚ್ಚುದ್ರೆ ನಾಲೆ ನೀರೇ ಗತಿ ಸ್ವಾಮಿ. ಎಮ್ಮೆ ತೊಳ್ಯೋದೂ ಅಲ್ಲೇ, ಬಟ್ಟೆ ಒಗ್ಯೋದೂ ಅಲ್ಲೇ. ಅದ್ಕಿಂತ ಇದೇ ಕೆಟ್ಟದ್ದು ಅಂತ ನಿಮ್ ಡಾಕುಟ್ರು ಬರ್ದು ಕೊಡ್ತಾರಾ?"

ಕೊಡುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು.

ದಾರಿ ತೋರಿಸಿದ್ದು ಬಾವಿಯಲ್ಲ, ಹಳ್ಳ. ಊರಿನವರು ಮುಟ್ಟಿಸಿಕೊಳ್ಳದ ಆಚೆಕೇರಿಯವರು ಈ ಬಾವಿಯ ಹತ್ತಿರ ಸುಳಿಯುವಂತಿರಲಿಲ್ಲ. ಅವರು ಊರ ಕೆಳಗಿನ ಹಳ್ಳದ ಮರಳಿನಲ್ಲಿ ಒರತೆ ತೋಡಿ, ಜಿನುಗಿದ ನೀರನ್ನು ಕರಟದಿಂದ ಮೊಗೆದು ಗಡಿಗೆಗೆ ತುಂಬುತ್ತಿದ್ದರು. ನೋಡಿಯೇ ಬಿಡೋಣ ಎಂದು ಅಲ್ಲಿಂದಲೂ ಒಂದು ಸೀಸೆ ತೆಗೆದುಕೊಂಡು ಹೋದೆ. ಕಟ್ಟೆಯಿಲ್ಲದ, ಗಾರೆಯಿಲ್ಲದ, ರಾಟೆಯಿಲ್ಲದ ಆ ಗುಂಡಿಯ ನೀರು ನಮ್ಮ ಚಿತ್ರದಂಥ ಬಾವಿಗಿಂತ ಚೆನ್ನಾಗಿತ್ತು. ಮರಳು ಸೋಸುತ್ತದೆ, ಅದು ಸರಿ. ಆದರೆ ಬಾವಿಯ ನೀರೂ ನೆಲದೊಳಗೆ ಸೋಸಿಯೇ ಬರುವುದು. ಹಾಗಾದರೆ ಕೆಡಿಸುವುದು ಮೇಲಿನಿಂದ ಇಳಿಯುತ್ತಿರಬೇಕು. ಸಂಜೆ ಚೆನ್ನಾಗಿದ್ದದ್ದು ಮಾರನೆಯ ದಿನ ಬಿಸಿಲೇರುವುದರೊಳಗೆ ಕೆಡುತ್ತಿದೆ. ಅಷ್ಟರ ನಡುವೆ ಬಾವಿಗೆ ಇಳಿಯುವುದು ಏನು? ಕೊಡ, ಹಗ್ಗ.

ಕೊಡಗಳನ್ನು ನೋಡಿದರೆ ಅನುಮಾನ ಪಡುವುದಕ್ಕೇ ನಾಚಿಕೆಯಾಗಬೇಕು. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಮುಖ ಕಾಣುವ ಹಾಗೆ ಮಾಡಿರುತ್ತಿದ್ದರು. ತೊಳೆದ ನೀರನ್ನು ಪರೀಕ್ಷೆಗೆ ಕೊಟ್ಟೆ, ಚೊಕ್ಕಟ. ಇನ್ನು ಹಗ್ಗ. ಪ್ರತಿ ಮನೆಯವರೂ ತಮ್ಮ ತಮ್ಮ ಹಗ್ಗ ತಂದು, ಸೇದಿ, ಸುತ್ತಿಕೊಂಡು ಹೋಗುತ್ತಿದ್ದರು. ನಾನು ಬರುವ ಹೊತ್ತಿಗೆ ಅವು ಗೂಟದ ಮೇಲೆ ಒಣಗಿರುತ್ತಿದ್ದವು. ನೋಡಿದರೆ ಬರಿಯ ಹಗ್ಗ. ಅವು ಬೆಳಗಿನ ಮೊದಲ ಕೊಡಕ್ಕೆ ಮನೆಯಿಂದ ಹೊರಡುವುದನ್ನು ನಾನು ಒಂದು ದಿನವೂ ಕಂಡಿರಲಿಲ್ಲ. ಮಂಡ್ಯದಿಂದ ಬರುವವನಿಗೆ ಅದು ಕಾಣುವುದು ಹೇಗೆ?

ಆ ರಾತ್ರಿ ಮಂಡ್ಯಕ್ಕೆ ಹಿಂದಿರುಗದೆ ಪಟೇಲರ ಜಗಲಿಯಲ್ಲೇ ಉಳಿದುಕೊಂಡೆ.

ಬೆಳಗಿನ ಜಾವ ಚಪ್ ಚಪ್ ಎಂಬ ಸದ್ದಿಗೆ ಎಚ್ಚರವಾಯಿತು. ಪಟೇಲರ ಹೆಂಡತಿ ಬಾಗಿಲಿಗೆ ಸಗಣಿ ನೀರು ಹಾಕುತ್ತಿದ್ದರು. ನನ್ನ ಮನೆಯಲ್ಲೂ ದಿನ ಬೆಳಗಾದರೆ ಕೇಳುತ್ತಿದ್ದ ಸದ್ದು. ಮಗ್ಗುಲಾಗಿ ಮತ್ತೆ ಮಲಗಬೇಕು, ಅಷ್ಟರಲ್ಲಿ ಅವರು ಗೂಟದಿಂದ ಹಗ್ಗ ಇಳಿಸಿದರು. ಬಾಗಿಲಿಗೆ ಹಾಕಿ ಮಿಕ್ಕಿದ್ದ ಸಗಣಿ ನೀರು ಮಣ್ಣಿನ ಬಾನಿಯಲ್ಲಿತ್ತು. ಹಗ್ಗದ ಸುರುಳಿಯನ್ನು ಅದರಲ್ಲಿ ಅದ್ದಿ, ಒಮ್ಮೆ ತಿರುವಿ, ಎತ್ತಿ, ಸೋರಿಸಿ, ಹೆಗಲಿಗೆ ಹಾಕಿಕೊಂಡು, ಕೊಡ ಎತ್ತಿಕೊಂಡು ನಡೆದರು. ನಾನು ಎದ್ದು ಕೂತೆ. ಎದುರು ಮನೆಯಾಕೆಯೂ ಅದನ್ನೇ ಮಾಡುತ್ತಿದ್ದಳು. ಅದರಾಚೆಯ ಮನೆಯಲ್ಲೂ ಅದೇ. ಬೀದಿಯುದ್ದಕ್ಕೂ ಸಗಣಿ ನೀರು ತೊಟ್ಟಿಕ್ಕುವ ಹಗ್ಗಗಳು ಸಾಲಾಗಿ ಬಾವಿಯ ಕಡೆಗೆ ಹೋಗುತ್ತಿದ್ದವು. ತಿಂಗಳುಗಟ್ಟಲೆ ನೆಲದೊಳಗೆ ಹುಡುಕಿದ್ದು ಹೀಗೆ ಹೆಗಲ ಮೇಲೆ ಕೂತು ಎದುರಿಗೇ ಹೋಗುತ್ತಿತ್ತು.

ಆಗಲೇ ಕೂಗಿ ತಡೆಯಲು ಹೋಗಲಿಲ್ಲ. ಬಿಸಿಲು ಬಂದ ಮೇಲೆ, ಏನೋ ತಿಳಿಯದವನ ಹಾಗೆ ಪಟೇಲರ ತಾಯಿಯನ್ನು ಕೇಳಿದೆ. "ಅವ್ವ, ಹಗ್ಗಕ್ಕೆ ಯಾಕೆ ಸಗಣಿ ನೀರು?"

ಅವರಿಗೆ ಆ ಪ್ರಶ್ನೆಯಿಂದ ಖುಷಿಯೇ ಆಯಿತು.

"ಅಳೇ ಬಾವೀಲಿ ನಾಕೂ ಕಡೆ ನಿಂತು ಸೇದ್ತಿದ್ವಿ ಕಣಪ್ಪ. ಯಾರಗ್ಗ ಯಾರ್ಗೂ ತಾಕ್ತಿರ್ನಿಲ್ಲ. ನಿಮ್ಮೋರು ಬಂದು ಈ ಒಸ ಬಾವಿ ಮಾಡಿ ಎಲ್ಡು ರಾಟೆ ತೂಗಾಕ್ಬುಟ್ರು. ಈಗ ಊರ್ ಅಗ್ಗ ಎಲ್ಲಾ ಅದ್ರ ಮ್ಯಾಲೇ. ಅವರ್ದೂ ಅಲ್ಲೇ ಉಜ್ತದೆ, ಇವರ್ದೂ ಅಲ್ಲೇ ಉಜ್ತದೆ, ನಮ್ದೂ ಅಲ್ಲೇ ಉಜ್ತದೆ. ಅದೇ ಅಗ್ಗ ಗಂಗವ್ವನ್ ಒಟ್ಟೇಗಿಳುದ್ರೆ ಮೈಲ್ಗೆ ಆಗಾಕಿಲ್ವಾ? ಅದ್ಕೇ ಸಗಣಿ ನೀರ್ಗದ್ದಿ ಸುದ್ದ ಮಾಡ್ಕಂಡೇ ಇಳ್ಸಿ ಅಂತ ನಾನೇ ಊರ್ಗೆಲ್ಲಾ ಯೋಳ್ಕೊಟ್ಟೆ. ಒಂದಿನಾನೂ ತಪ್ಪುಸ್ನಿಲ್ಲ ಎಂಗುಸ್ರು."

ಅಂಚಿನಲ್ಲಿ ನಿಂತು ಸೇದುವವರ ಕಾಲಿನ ಕೊಳೆ ಬಿದ್ದು ನೀರು ಕೆಡಬಾರದೆಂದೇ ನಮ್ಮ ಇಲಾಖೆ ರಾಟೆ ತೂಗುಹಾಕಿತ್ತು. ನೀರು ಕೆಡಬಾರದೆಂದೇ ಅವರು ಹಗ್ಗವನ್ನು ಅದ್ದುತ್ತಿದ್ದರು. ಇಬ್ಬರೂ ಬಾವಿಯನ್ನು ಜೋಪಾನ ಮಾಡಿದ್ದೇ ಮಾಡಿದ್ದು.

ಪಟೇಲರ ಹೆಂಡತಿಯಿಂದ ಹಗ್ಗದ ತುದಿಯನ್ನು ಒಂದು ಗೇಣು ಕೇಳಿ ಕತ್ತರಿಸಿಕೊಂಡು ಹೋದೆ. ಅದನ್ನು ಅದ್ದಿದ ನೀರು ಒಂದೇ ದಿನದಲ್ಲಿ ಕೊಳವೆ ತುಂಬ ಗಾಳಿ ಎಬ್ಬಿಸಿತು. ಡಾಕ್ಟರು ಮೇಜು ಗುದ್ದಿ ಎದ್ದರು. "ಸಿಕ್ಕಿತಲ್ಲ! ಇವತ್ತೇ ಹೋಗಿ ಹೇಳಿ, ಸಗಣಿ ಗಲೀಜು, ಕೂಡಲೇ ನಿಲ್ಲಿಸಿ ಅಂತ."

ನಾನು ಹೂಂ ಎಂದು ಬಂದೆ. ಬಸ್ಸಿನಲ್ಲಿ ಕೂತು ಯೋಚಿಸಿದರೆ ಆ ಮಾತು ಬಾಯಿಗೆ ಬರುವಂತೆಯೇ ಇರಲಿಲ್ಲ. ಹೊಸ್ತಿಲಿಗೆ, ನೆಲಕ್ಕೆ, ಕಣಕ್ಕೆ, ದೇವರ ಮುಂದಕ್ಕೆ ಬಳಸುವುದನ್ನು ಗಲೀಜು ಎಂದರೆ ಯಾರು ಕೇಳುತ್ತಾರೆ? ಎದುರಿಗೆ ತಲೆಯಾಡಿಸುತ್ತಾರೆ, ನಾನು ಬಸ್ಸು ಹತ್ತಿದ ಮೇಲೆ ಅದ್ದುತ್ತಾರೆ. ಮೈಲಿಗೆಯ ಭಯ ಇರುವ ತನಕ ಸಗಣಿ ನೀರೂ ಇರುತ್ತದೆ. ಹಗ್ಗಗಳು ಒಂದರ ಮೇಲೊಂದು ಉಜ್ಜುವ ತನಕ ಭಯವೂ ಇರುತ್ತದೆ. ಹಾಗಾದರೆ ಸಗಣಿಯ ಸುದ್ದಿಗೇ ಹೋಗದೆ ಹಗ್ಗವನ್ನೇ ಇಲ್ಲವಾಗಿಸಿದರೆ? ಡಾಕ್ಟರ ಮಾತನ್ನು ಮೀರಿದಂತಾಗುತ್ತದೆ, ಆಗಲಿ. ಮಳವಳ್ಳಿಯಲ್ಲಿ ಬಸ್ಸಿನ ಒಲೆಗೆ ಇದ್ದಿಲು ತುಂಬಿಸುವಷ್ಟರಲ್ಲಿ ಮನಸ್ಸು ಗಟ್ಟಿಯಾಗಿತ್ತು.

ನೇರ ಪಟೇಲರ ತಾಯಿಯ ಹತ್ತಿರವೇ ಹೋದೆ. "ಅವ್ವ, ಹಗ್ಗಕ್ಕೇನೋ ಸಗಣಿ ನೀರು ಅಂದಿರಿ. ಕಬ್ಬಿಣಕ್ಕೆ ಮೈಲಿಗೆಯಾದರೆ ಏನು ಮಾಡುತ್ತೀರಿ?"

"ಕಬ್ಬುಣಕ್ಕೆಂತದಪ್ಪ ಮೈಲ್ಗೆ? ಬೆಂಕೀಲಿ ಉಟ್ಟಿದ್ದು ಅದು. ಬಿಸ್ಲು ಬಿದ್ರೆ ಸಾಕು."

"ಹಾಗಾದರೆ ಹಗ್ಗದ ಬದಲು ಒಂದೊಂದು ರಾಟೆಗೂ ಒಂದೊಂದು ಕಬ್ಬಿಣದ ಸರಪಣಿ, ಅದರ ತುದಿಗೆ ಒಂದು ಬಕೆಟ್ಟು. ಅಲ್ಲೇ ಬಿಸಿಲಿನಲ್ಲಿರಲಿ. ಸೇದಿ ಅವರವರ ಕೊಡಕ್ಕೆ ಹುಯ್ದುಕೊಳ್ಳಲಿ. ಆಗ ಏನನ್ನೂ ಅದ್ದಬೇಕಾಗಿಲ್ಲ ಅಲ್ಲವೆ?"

"ಬೇಕಾಗಾಕಿಲ್ಲ," ಎಂದರು. ಆಮೇಲೆ, "ಅದ್ದೋದ್ರ ಮ್ಯಾಲೆ ನಿಂಗ್ಯಾಕೋ ಕಣ್ಣು," ಎಂದರು. ನಾನು ಬಾವಿಯ ಆಳ ಅಳೆಯುವ ನೆಪದಲ್ಲಿ ಎದ್ದೆ.

ಯುದ್ಧದ ಕಾಲದಲ್ಲಿ ಕಬ್ಬಿಣ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಮಂಡ್ಯದಲ್ಲಿ, ಮದ್ದೂರಿನಲ್ಲಿ ಅಲೆದು ಬರಿಗೈಯಲ್ಲಿ ಬಂದೆ. ಆಗ ಪಟೇಲರೇ ಒಂದು ಮಾತು ಹೇಳಿದರು. ದನ ಕಟ್ಟುವ ಸರಪಣಿ ಎಲ್ಲರ ಕೊಟ್ಟಿಗೆಯಲ್ಲೂ ಒಂದೊಂದಾದರೂ ಇರುತ್ತದೆ, ಮನೆಗೊಂದು ತುಂಡು ಬಂದರೆ ಸಾಕು. ಕೊಟ್ಟಿಗೆಯ ಸರಪಣಿ ಎಂದಾಗ ನನಗೆ ಮತ್ತೆ ಸಗಣಿಯೇ ನೆನಪಾಯಿತು. ಆದರೆ ಅದು ಹೋಗುವುದು ಕುಲುಮೆಗೆ. ಆಚಾರಿ ತುಂಡುಗಳನ್ನು ಕೆಂಪಗೆ ಕಾಯಿಸಿ ಬಡಿದು ಕೊಂಡಿಗೆ ಕೊಂಡಿ ಸೇರಿಸಿದ. ನಮ್ಮ ಸೀಸೆಗಳಿಗೂ ಅಷ್ಟು ಒಳ್ಳೆಯ ಶುದ್ಧಿ ಸಿಕ್ಕಿರಲಿಲ್ಲ.

"ನೋಡಿ ಸ್ವಾಮಿ, ಇದು ಪಟೇಲ್ರುದ್ದು, ಇದು ಕುರುಬ್ರ ಮನೇದು, ಇದು ನಂದು," ಎಂದು ಆಚಾರಿ ಕೊಂಡಿಗಳನ್ನು ಎಣಿಸಿ ತೋರಿಸಿದ. "ಈಗ್ಯಾರು ಯಾರ್ಗೆ ಮೈಲ್ಗೆ ಅಂತಾರೆ, ನೋಡಾನ."

ಆ ಸರಪಣಿಯಲ್ಲಿ ಆಚೆಕೇರಿಯ ಕೊಂಡಿ ಇರಲಿಲ್ಲ. ಅದು ನನ್ನ ಕೈಲಿ ಆಗಲಿಲ್ಲ. ಅವರ ಒರತೆಯ ಸುತ್ತ ಮರಳು ಕುಸಿಯದಂತೆ ಒಂದು ಸುತ್ತು ಕಲ್ಲು ಕಟ್ಟಿಸಿದೆ, ಅಷ್ಟೇ.

ಸರಪಣಿ ಏರಿಸಿದ ದಿನ ಮತ್ತೆ ಬ್ಲೀಚಿಂಗ್ ಪೌಡರ್ ಹಾಕಿ, ಬಾವಿಯನ್ನು ಹೊಸದಾಗಿ ಊರಿಗೆ ಒಪ್ಪಿಸಿದೆವು. ಮಾರನೆಯ ಬೆಳಗ್ಗೆ ಹೆಂಗಸರು ಖಾಲಿ ಹೆಗಲಿನಲ್ಲಿ ಬಂದರು. ಕೆಲವರಿಗೆ ಬಕೆಟ್ಟು ಮುಟ್ಟುವುದಕ್ಕೆ ಹಿಂಜರಿಕೆ. ಪಟೇಲರ ತಾಯಿ ಮುಂದೆ ಬಂದು ಮೊದಲ ಬಕೆಟ್ಟು ಸೇದಿ ತಮ್ಮ ಕೊಡಕ್ಕೆ ಹುಯ್ದುಕೊಂಡ ಮೇಲೆ ಮಾತಾಡುವವರು ಇರಲಿಲ್ಲ. ಬಿಸಿಲೇರಿದ ಮೇಲೆ ನಾನು ಸೀಸೆ ಇಳಿಸಿದೆ.

ಕೊಳವೆಗಳಲ್ಲಿ ಗಾಳಿ ಬರಲಿಲ್ಲ. ನಂಬದೆ ಇನ್ನೊಮ್ಮೆ ತೆಗೆದೆ, ಮತ್ತೊಮ್ಮೆ ತೆಗೆದೆ. ಇಲ್ಲ. ಡಾಕ್ಟರು ಬಾವಿ ಮುಚ್ಚುವ ಮಾತು ಬಿಟ್ಟರು. "ನಿಲ್ಲಿಸಿಬಿಟ್ಟರಾ ಜನ?" ಎಂದು ಕೇಳಿದರು. "ನಿಲ್ಲಿಸಿದರು ಸಾರ್," ಎಂದೆ.

ಬೇಸಿಗೆ ಆಗತಾನೆ ಹತ್ತಿತ್ತು. ಸುದ್ದಿ ತೆಗೆದುಕೊಂಡು ಹೋದಾಗ ಪಟೇಲರ ಹೆಂಡತಿ ಜಗಲಿಯಲ್ಲಿ ರಾಗಿ ಕೇರುತ್ತಿದ್ದರು. ಅತ್ತೆ ಕಂಬಕ್ಕೆ ಒರಗಿ ಕೂತಿದ್ದರು. "ಕುಡಿಸಿ ತಾಯಿ," ಎಂದೆ. "ಈಗ ಈ ನೀರು ಕುಡಿಸಬಹುದು."

ಅವರು ಮೊರ ಕೆಳಗಿಟ್ಟು ಕಣ್ಣು ಮುಚ್ಚಿಕೊಂಡರು. ಮಾತಾಡಿದ್ದು ಅತ್ತೆ.

"ಏನಿತ್ತು ನೀರ್ನಲ್ಲಿ? ಈಗೆಂಗೆ ಓಯ್ತು?"

"ಹಗ್ಗದಿಂದ ಬರುತ್ತಿತ್ತು ಅವ್ವ."

"ಅಗ್ಗದಿಂದ್ಲಾ, ಅಗ್ಗಕ್ಕೆ ನಾವಾಕ್ತಿದ್ದುದ್ರಿಂದ್ಲಾ?"

ನಾನು ಇಷ್ಟು ದಿನ ಜೋಪಾನವಾಗಿ ತಪ್ಪಿಸಿಕೊಂಡು ಬಂದ ಮಾತಿಗೆ ಅವರು ನೇರ ಬಂದು ನಿಂತಿದ್ದರು. ಮೊದಲೇ ಊಹಿಸಿದ್ದರು ಎಂದು ಕಾಣುತ್ತದೆ. ಸುಳ್ಳು ಹೇಳಲಾಗಲಿಲ್ಲ. "ಹ್ಞೂಂ," ಎಂದೆ.

ಅವರ ಕೈ ಕಂಬವನ್ನು ಹುಡುಕಿ ಹಿಡಿದುಕೊಂಡಿತು. "ಅಂಗಾರೆ ನನ್ನ ಮೊಮ್ಮಗ… ನಾನೇ ಯೋಳ್ಕೊಟ್ಟಿದ್ದು ಕಣಪ್ಪ. ನಾನೇ."

ಅಲ್ಲ ಎಂದುಬಿಡಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು. ಆದರೆ ಆ ಬೇಸಿಗೆಯ ನೀರನ್ನು ಯಾರೂ ಸೀಸೆಗೆ ತುಂಬಿರಲಿಲ್ಲ. ಮಗುವಿಗೆ ಆದದ್ದು ಇದರಿಂದಲೋ ಬೇರೆ ಯಾವುದರಿಂದಲೋ ಹೇಳುವ ಕೊಳವೆ ನಮ್ಮಲ್ಲಿರಲಿಲ್ಲ. "ಗೊತ್ತಿಲ್ಲ ಅವ್ವ," ಎಂದೆ. "ಇರಬಹುದು, ಇಲ್ಲದೆಯೂ ಇರಬಹುದು. ಇನ್ನು ಯಾರಿಗೂ ತಿಳಿಯುವುದಿಲ್ಲ."

ಸೊಸೆ ಎದ್ದು ಒಳಗೆ ಹೋದರು. ಅತ್ತೆ ತಲೆ ಎತ್ತಲಿಲ್ಲ. ಒಳಗೆ ಕೊಡದಿಂದ ನೀರು ಬಗ್ಗಿಸುವ ಸದ್ದು ಕೇಳಿತು. ಸೊಸೆ ಹೊರಗೆ ಬಂದಾಗ ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಲೋಟ. ಬೆಳಗ್ಗೆ ಸೇದಿದ ನೀರು, ಕುದಿಸಿದ್ದಲ್ಲ. ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, ಲೋಟವನ್ನು ಅವರ ಕೈಗೆ ಕೊಟ್ಟರು.

"ನೀವೇ ಕುಡ್ಸಿ ಅತ್ತೆ."

ಆ ದೊಡ್ಡ ಕೈಯಲ್ಲಿ ಲೋಟ ವಾಲಿ ಅರ್ಧ ನೀರು ಕೂಸಿನ ಎದೆಯ ಮೇಲೆ ಚೆಲ್ಲಿತು. ಕೂಸು ಲೋಟವನ್ನು ಎರಡೂ ಕೈಯಲ್ಲಿ ಹಿಡಿದೆಳೆದು, ಮಿಕ್ಕಿದ್ದನ್ನು ಗಟಗಟನೆ ಕುಡಿದು, ಇನ್ನೂ ಬೇಕೆಂದು ಅಜ್ಜಿಯ ಮುಖ ನೋಡಿತು.